ಮೇಲೆ ಕೊರೆಯುವ ನೀರು, ಕೆಳಗೆ ಬೆಚ್ಚಗೆ: ಫ್ರಾಮ್ ಜಲಸಂಧಿಯಲ್ಲಿ ನನ್ನ ಅನುಭವ

ನಾರ್ವೆಯ ಉತ್ತರಕ್ಕಿರುವ ಸ್ವಾಲ್‌ಬಾರ್ಡ್ ದ್ವೀಪಗಳು ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಫ್ರಾಮ್ ಜಲಸಂಧಿಯಲ್ಲಿ ಎರಡು ಪ್ರವಾಹಗಳು ಎದುರುಬದುರಾಗಿ ಹರಿಯುತ್ತವೆ. ಪೂರ್ವದ ಕಡೆ ವೆಸ್ಟ್ ಸ್ಪಿಟ್ಸ್‌ಬರ್ಗೆನ್ ಪ್ರವಾಹ ಅಟ್ಲಾಂಟಿಕ್‌ನ ಬೆಚ್ಚನೆ ನೀರನ್ನು ಉತ್ತರಕ್ಕೆ ಒಯ್ಯುತ್ತದೆ. ಪಶ್ಚಿಮದ ಕಡೆ ಈಸ್ಟ್ ಗ್ರೀನ್‌ಲ್ಯಾಂಡ್ ಪ್ರವಾಹ ಮಂಜುಗಡ್ಡೆ ಸಮೇತ ದಕ್ಷಿಣಕ್ಕೆ ಇಳಿಯುತ್ತದೆ. ಅಲ್ಲಿ ಹಡಗಿನ ಮೇಲಿಂದ ನೀರು ಅಳೆಯುವುದು ನನ್ನ ಕೆಲಸವಾಗಿತ್ತು.

ಅಳೆಯುವುದು ಸಿಟಿಡಿ ಎಂಬ, ಹಡಗಿನಿಂದ ನೀರಿಗಿಳಿಸುವ ಉಪಕರಣದಿಂದ. ನೀರಿನ ಉಪ್ಪು, ಉಷ್ಣತೆ, ಆಳ ಮೂರನ್ನೂ ಅದು ಒಟ್ಟಿಗೆ ತೋರಿಸುತ್ತದೆ. ಸುತ್ತ ನೀರು ಹಿಡಿಯುವ ನಿಸ್ಕಿನ್ ಬಾಟಲಿಗಳು. ಚಳಿಯಲ್ಲಿ ಇದನ್ನು ಡೆಕ್ ಮೇಲೆ ಸುಮ್ನೆ ಬಿಡುವಂತಿಲ್ಲ. ಉಪ್ಪು ಅಳೆಯುವ ಗಾಜಿನ ನಳಿಗೆಯಲ್ಲಿ ನೀರು ಹೆಪ್ಪುಗಟ್ಟಿದರೆ ಅದು ಒಡೆದೇ ಹೋಗುತ್ತದೆ. ಹಾಗಾಗಿ ಕೊನೇ ಕ್ಷಣದವರೆಗೂ ಒಳಗಿಟ್ಟು, ಹೊರಗೆ ತಂದ ಕೂಡಲೇ ಇಳಿಸುತ್ತಿದ್ದೆವು. ಸುಮಾರು 10 ಮೀಟರ್ ಆಳದಲ್ಲಿ, ನಳಿಗೆಯೊಳಗೆ ನೀರು ಹರಿಸುವ ಪಂಪ್ ಶುರುವಾಗುವವರೆಗೆ ನಿಲ್ಲಿಸಿ, ಮತ್ತೆ ಮೇಲೆತ್ತಿ, ಆಮೇಲೆ ಸೆಕೆಂಡಿಗೆ ಒಂದು ಮೀಟರಿನಂತೆ ಬಿಡುವುದು.

ಮಂಜುಗಡ್ಡೆಯ ಅಂಚಿನಲ್ಲಿ ಸಿಟಿಡಿಯ ಅಂಕಿಗಳು ಮೂಡುವ ಪರದೆ ನೋಡುವುದೇ ಮಜಾ. ಮೇಲೆ −1.6 ಡಿಗ್ರಿ, ಉಪ್ಪು 34ಕ್ಕಿಂತ ಕಡಿಮೆ (ಹೆಚ್ಚುಕಡಿಮೆ ಒಂದು ಕಿಲೋ ನೀರಿನಲ್ಲಿ ಇಷ್ಟು ಗ್ರಾಂ ಎಂಬ ಲೆಕ್ಕ). ಇನ್ನೂ ಕೆಳಗೆ ಹೋದಂತೆ ಉಷ್ಣತೆ ಏರಿ 2 ಡಿಗ್ರಿ ದಾಟುತ್ತದೆ, ಉಪ್ಪು 35ರ ಹತ್ತಿರ ಬರುತ್ತದೆ. ಬೆಚ್ಚನೆ ನೀರು ಮೇಲೆ ತೇಲಬೇಕಿತ್ತು ಅಲ್ವಾ? ಇಷ್ಟು ಚಳಿಯಲ್ಲಿ ಉಷ್ಣತೆ ಬದಲಾದರೂ ನೀರಿನ ಭಾರ ಹೆಚ್ಚು ಬದಲಾಗುವುದಿಲ್ಲ. ಯಾವುದು ಮುಳುಗಬೇಕು ಎಂದು ಹೇಳುವುದು ಉಪ್ಪು. 1893ರಿಂದ 1896ರವರೆಗೆ ನಡೆದ ಫ್ರಾಮ್ ಹಡಗಿನ ಯಾನದಲ್ಲಿ ಹೋಗಿದ್ದ ನಾರ್ವೆಯ ಅನ್ವೇಷಕ ನಾನ್ಸೆನ್‌ಗೂ ಆರ್ಕ್ಟಿಕ್‌ನ ತಣ್ಣನೆ ಪದರದ ಕೆಳಗೆ ಇದೇ ಬೆಚ್ಚನೆ ನೀರು ಸಿಕ್ಕಿತ್ತು. ಅದಕ್ಕೇ ನಾನು ಬರೀ ಉಷ್ಣತೆ ನೋಡಿ ಇದು ಯಾವ ನೀರು ಎಂದು ಹೇಳುವುದಿಲ್ಲ. ಉಪ್ಪನ್ನು ಅಡ್ಡಕ್ಕೆ, ಉಷ್ಣತೆಯನ್ನು ಉದ್ದಕ್ಕೆ ಹಾಕಿ ಒಂದೇ ನಕ್ಷೆಯಲ್ಲಿ ನೋಡುತ್ತೇನೆ.

ಸಿಟಿಡಿ ತೋರಿಸುವ ಉಪ್ಪನ್ನು ತಾಳೆ ನೋಡಲು ಬಾಟಲಿ ನೀರು ಬೇಕು. ಮಾದರಿ ಸೀಸೆಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ತುಂಬಿದ ಮೇಲೆ ಬಾಯನ್ನು ಚೆನ್ನಾಗಿ ಒರೆಸಬೇಕು. ಅಲ್ಲಿ ಒಣಗಿದ ಉಪ್ಪಿನ ಒಂದು ಹರಳು ಒಳಗೆ ಬಿದ್ದರೂ ಲೆಕ್ಕ ಕೆಟ್ಟಿತು.

ಇನ್ನೊಂದು ಪೇಚಾಟ ಇದೆ. ಉತ್ತರಕ್ಕೆ ಹೊರಟ ಅಟ್ಲಾಂಟಿಕ್ ನೀರೆಲ್ಲ ಆರ್ಕ್ಟಿಕ್ ಸೇರುವುದಿಲ್ಲ. ಒಂದಷ್ಟು ಇಲ್ಲೇ ಪಶ್ಚಿಮಕ್ಕೆ ತಿರುಗಿ, ತಣ್ಣೀರಿನ ಅಡಿಯಲ್ಲಿ ದಕ್ಷಿಣಕ್ಕೆ ವಾಪಸ್ ಬರುತ್ತದೆ. ನಡುವೆ ಸುಳಿಗಳು ಬೇರೆ. ಇಷ್ಟು ಉತ್ತರದಲ್ಲಿ ಅವು ಚಿಕ್ಕವು. ಅಳೆಯುವ ಜಾಗಗಳ ನಡುವೆ ಅಂತರ ಜಾಸ್ತಿಯಾದರೆ ಕೈತಪ್ಪಿ ಹೋಗುತ್ತವೆ. ಸಮಯ ಸಾಲದಿದ್ದಾಗ ನಾನು ತಳದವರೆಗೆ ಇಳಿಸುವುದನ್ನು ಕಡಿಮೆ ಮಾಡುತ್ತಿದ್ದೆ, ಅಂತರ ಮಾತ್ರ ಹೆಚ್ಚಿಸುತ್ತಿರಲಿಲ್ಲ.