ಫೇಲ್‌ಓವರ್ ಆದರೂ ವಾಲ್ ಆರ್ಕೈವ್‌ನ ಸರಪಳಿ ಕಡಿಯಲಿಲ್ಲ: ನನ್ನ ಅನುಭವ

ನಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಮುಖ್ಯ ಸರ್ವರ್ (ಪ್ರೈಮರಿ) ಪ್ರತಿ ಬದಲಾವಣೆಯನ್ನೂ ವಾಲ್ ಎಂಬ ದಾಖಲೆಗೆ ಬರೆದು, ಅದರ ತುಂಡುಗಳನ್ನು (ಸೆಗ್ಮೆಂಟ್) ಆರ್ಕೈವ್ ಎಂಬ ಬೇರೆ ಜಾಗದಲ್ಲಿ ಉಳಿಸುತ್ತದೆ. ಅದು ಸತ್ತಾಗ ಬದಲಿ ಸರ್ವರ್ (ಸ್ಟ್ಯಾಂಡ್‌ಬೈ) ಮುಖ್ಯ ಸ್ಥಾನಕ್ಕೆ ಏರುವುದು, ಅಂದರೆ ಪ್ರಮೋಟ್ ಆಗುವುದು, ಫೇಲ್‌ಓವರ್. ಸ್ಟ್ಯಾಂಡ್‌ಬೈ ಸರ್ವರ್ ಕೂಡ ಆರ್ಕೈವ್ ಮಾಡಲಿ ಎಂದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಒಂದೇ ಫೈಲನ್ನು ಇಬ್ಬರು ಕಳುಹಿಸಿದರೆ ಇರುವುದೂ ಹಾಳಾಗುತ್ತದೆ, ಖರ್ಚೂ ಇಮ್ಮಡಿಯಾಗುತ್ತದೆ ಎಂಬುದು ಅವರ ತಕರಾರು. ಈಚೆಗೆ ಪ್ರೈಮರಿ ಡಿಸ್ಕ್ ಸಮೇತ ಕೈಕೊಟ್ಟಿತು. ಹಳೆಯ ಬ್ಯಾಕಪ್ ಮತ್ತು ಆರ್ಕೈವ್‌ಗಳಿಂದಲೇ ಬೇರೆ ಸರ್ವರ್ ಎಬ್ಬಿಸಿದೆ. ರಿಕವರಿ ಎಲ್ಲಿಯೂ ತಡವರಿಸದೆ ಫೇಲ್‌ಓವರ್ ದಾಟಿ ಮುಂದೆ ಹೋಯಿತು. ತಕರಾರು ತೆಗೆದವರೇ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಹಿಂದಿನ ಫೇಲ್‌ಓವರ್‌ನಲ್ಲಿ ಹೀಗಿರಲಿಲ್ಲ. ಆರ್ಕೈವ್ ಕಡೆಯ ನೆಟ್‌ವರ್ಕ್ ನಿಧಾನವಾಗಿ, ಸುಮಾರು 200 ಸೆಗ್ಮೆಂಟ್‌ಗಳು, ಅಂದರೆ 3 ಜಿಬಿಯಷ್ಟು, ಪ್ರೈಮರಿಯಲ್ಲೇ ಸರದಿ ಕಾಯುತ್ತಿದ್ದವು. ಅಷ್ಟರಲ್ಲಿ ಅದು ಸತ್ತಿತು. ಅವೆಲ್ಲ ಸ್ಟ್ರೀಮಿಂಗ್ (ಪ್ರೈಮರಿಯಿಂದ ನೇರ ರವಾನೆ) ಮೂಲಕ ಸ್ಟ್ಯಾಂಡ್‌ಬೈಗೆ ತಲುಪಿದ್ದವು, ನಿಜ. ಆದರೆ ಪೋಸ್ಟ್‌ಗ್ರೆಸ್‌ನ ಆರ್ಕೈವ್ ಮೋಡ್ 'ಆನ್' ಆಗಿದ್ದರೆ, ಸ್ಟ್ಯಾಂಡ್‌ಬೈ ತನಗೆ ಬಂದ ಪ್ರತಿ ಸೆಗ್ಮೆಂಟಿಗೂ ಆರ್ಕೈವ್ ಸ್ಟೇಟಸ್ ಡೈರೆಕ್ಟರಿಯಲ್ಲಿ 'ಡನ್' ಎಂದು ಗುರುತು ಹಾಕಿಬಿಡುತ್ತದೆ. ಆರ್ಕೈವ್‌ನಲ್ಲಿ ಫೈಲ್ ಇಲ್ಲ, ಗುರುತು ಮಾತ್ರ ಇದೆ! ಪ್ರಮೋಟ್ ಆದ ಮೇಲೂ ಅವನ್ನು ಅದು ಕಳುಹಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಅಳಿಸಿಯೂ ಹಾಕುತ್ತದೆ.

ವಾಲನ್ನು ಪ್ರೈಮರಿಯಿಂದ ನೇರವಾಗಿ ಪಡೆದು ಉಳಿಸುವ ಪಿಜಿ ರಿಸೀವ್‌ವಾಲ್ ಉಪಕರಣವನ್ನು ಓಡಿಸಿಯೂ ನೋಡಿದೆ. ಅದಕ್ಕೆಂದೇ ಮೂರನೆಯ ಯಂತ್ರ, ಅದರ ಬಾಡಿಗೆ, ಅದರ ಮೇಲ್ವಿಚಾರಣೆ. ಫೇಲ್‌ಓವರ್ ಆದೊಡನೆ ಅದರ ಸ್ಲಾಟ್ (ಎಲ್ಲಿಯವರೆಗೆ ಪಡೆದಿದೆ ಎಂದು ಪ್ರೈಮರಿ ಇಟ್ಟುಕೊಳ್ಳುವ ಗುರುತು) ಹೊಸ ಪ್ರೈಮರಿಯಲ್ಲಿ ಇರುವುದೇ ಇಲ್ಲ. ಆರ್ಕೈವ್ ಟೈಮ್‌ಔಟನ್ನು (ತುಂಬದ ಸೆಗ್ಮೆಂಟನ್ನೂ ಮುಚ್ಚಿ ಕಳುಹಿಸುವ ಗಡುವು) ಒಂದು ನಿಮಿಷಕ್ಕೆ ಇಳಿಸಿದ ಪ್ರಯೋಗವೂ ದಂಡವೇ: ಸರದಿಯೇ ನಿಂತಿರುವಾಗ ಇನ್ನಷ್ಟು 16 ಎಂಬಿ ಫೈಲ್‌ಗಳನ್ನು ಅದರ ಬಾಲಕ್ಕೆ ಸೇರಿಸಿದಂತಾಯಿತು.

ಕೊನೆಗೆ ಎರಡೂ ಸರ್ವರ್‌ಗಳಲ್ಲಿ ಆರ್ಕೈವ್ ಮೋಡನ್ನು 'ಆಲ್ವೇಸ್' ಮಾಡಿದೆ. ಆಗ ಸ್ಟ್ಯಾಂಡ್‌ಬೈ ಕೂಡ ತಾನೇ ಆರ್ಕೈವ್ ಮಾಡುತ್ತದೆ. ಪೋಸ್ಟ್‌ಗ್ರೆಸ್ 9.5 ಆವೃತ್ತಿಯಿಂದಲೂ ಇರುವ ಸೌಲಭ್ಯ, ಬಳಸುವವರು ಕಡಿಮೆ. ಮೊದಲು ಇಬ್ಬರಿಗೂ ಬೇರೆ ಬೇರೆ ಡೈರೆಕ್ಟರಿ ಕೊಟ್ಟಿದ್ದೆ. ಸ್ಟೋರೇಜ್ ಬಿಲ್ ಹೆಚ್ಚುಕಡಿಮೆ ಎರಡರಷ್ಟಾಯಿತು. ಈಗ ಒಂದೇ ಜಾಗ. ಫೈಲ್ ಅಲ್ಲಿ ಆಗಲೇ ಇದ್ದರೆ, ಆರ್ಕೈವ್ ಮಾಡುವ ನನ್ನ ಸ್ಕ್ರಿಪ್ಟ್ ಚೆಕ್‌ಸಮ್ (ಫೈಲಿನ ಒಳಹೂರಣದಿಂದ ಲೆಕ್ಕಹಾಕಿದ ಸಂಖ್ಯೆ) ಮಾತ್ರ ಕೇಳುತ್ತದೆ. ಹೊಂದಿದರೆ ಸೊನ್ನೆ (ಯಶಸ್ಸಿನ ಸಂಕೇತ) ಹಿಂತಿರುಗಿಸಿ ಮುಗಿಸುತ್ತದೆ, ಹೊಂದದಿದ್ದರೆ ಕೂಗೆಬ್ಬಿಸುತ್ತದೆ. ಫೈಲ್ ಅಲ್ಲಿ ಇಲ್ಲವೇ ಇಲ್ಲದಿದ್ದರೆ ಸರ್ವರಿನ ಹೆಸರು ಸೇರಿಸಿದ ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಖಚಿತವಾಗಿ ಇಳಿಸಿ), ಹಾರ್ಡ್ ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಮೂಲಕ ನಿಜವಾದ ಹೆಸರು ಕೊಡುತ್ತದೆ. ಫೈಲ್ ಸರಿಸುವ ಎಂವಿ ಆಜ್ಞೆ ಆದರೆ ಇರುವುದರ ಮೇಲೆ ಸದ್ದಿಲ್ಲದೆ ಬರೆದುಬಿಡುತ್ತದೆ, ಲಿಂಕ್ ಒಪ್ಪುವುದಿಲ್ಲ. ಸ್ಟೋರೇಜ್ ಬಿಲ್ ಮೊದಲಿನ ಮಟ್ಟಕ್ಕೇ ಇಳಿಯಿತು.

ಫೈಲ್ ಕುಗ್ಗಿಸಲು ಜಿಜಿಪ್ ಬಳಸುವವರು ಎನ್ ಆಯ್ಕೆಯನ್ನು ಮರೆಯಬಾರದು. ಅದಿಲ್ಲದಿದ್ದರೆ ಫೈಲಿನ ಸಮಯ ಹೆಡರಿನೊಳಗೆ ಕೂರುತ್ತದೆ. ಒಳಗಿನ ವಾಲ್ ಒಂದೇ ಆದರೂ ಚೆಕ್‌ಸಮ್ ಬೇರೆಯಾಗುತ್ತದೆ. ನಾನು ಆಮೇಲೆ ಝಡ್‌ಸ್ಟ್ಯಾಂಡರ್ಡ್ ಎಂಬ ಇನ್ನೊಂದು ಕುಗ್ಗಿಸುವ ಉಪಕರಣಕ್ಕೆ ಬದಲಾದೆ, ವೇಗಕ್ಕಾಗಿ. ಚೆಕ್‌ಸಮ್ ನಿಜವಾಗಿಯೂ ಹೊಂದದಿದ್ದಾಗ ಯಾವ ಸರ್ವರನ್ನು ನಂಬಬೇಕೆಂದು ಸ್ಕ್ರಿಪ್ಟ್ ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅದು ನನ್ನ ಗುಟ್ಟು.

ಪ್ರಮೋಟ್ ಆದಾಗಲೆಲ್ಲ ವಾಲ್‌ನ ಹೊಸ ಸರಣಿ (ಟೈಮ್‌ಲೈನ್) ಶುರುವಾಗುತ್ತದೆ. ಆಗ ಹಳೆಯ ಟೈಮ್‌ಲೈನಿನ ಅರ್ಧ ಸೆಗ್ಮೆಂಟ್ 'ಪಾರ್ಶಿಯಲ್' ಎಂಬ ಬಾಲದೊಂದಿಗೆ ಬರುತ್ತದೆ. ಗಾಬರಿ ಬೇಡ, ಅದರ ದತ್ತಾಂಶ ಹೊಸ ಟೈಮ್‌ಲೈನಿನ ಮೊದಲ ಸೆಗ್ಮೆಂಟಿನಲ್ಲೂ ಇರುತ್ತದೆ. ಕೊಂಡಿ ತಪ್ಪಿದೆಯೇ ಎಂದು ಹೆಸರುಗಳ ಅನುಕ್ರಮ ನೋಡುವ ಸ್ಕ್ರಿಪ್ಟ್ ನಿಮ್ಮಲ್ಲಿದ್ದರೆ, ಟೈಮ್‌ಲೈನ್ ಎಲ್ಲಿ ಕವಲೊಡೆಯಿತು ಎಂದು ಹೇಳುವ ಹಿಸ್ಟರಿ ಫೈಲನ್ನೂ ಓದಿಸಿ. ಇಲ್ಲವಾದರೆ ಪ್ರತಿ ಫೇಲ್‌ಓವರ್‌ಗೂ ಅದು ಸುಳ್ಳು ಎಚ್ಚರಿಕೆ ಕೊಡುತ್ತದೆ.