ರೀಬೂಟ್ ಆಗುತ್ತಿದ್ದ ರಾಸ್ಪ್‌ಬೆರಿ ಪೈ ಸರಿಹೋದದ್ದು ಹೀಗೆ

ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಮಕ್ಕಳು, ದೊಡ್ಡವರು ಸೇರಿ ಪುಟ್ಟ ಹವಾಮಾನ ಕೇಂದ್ರವೊಂದನ್ನು ಕಟ್ಟಿದ್ದೇವೆ. ಒಳಗಿರುವುದು ರಾಸ್ಪ್‌ಬೆರಿ ಪೈ 3 ಮಾಡೆಲ್ ಬಿ ಎಂಬ ಪುಟ್ಟ ಕಂಪ್ಯೂಟರ್. ಮೊದಲ ಪೈ ಬಂದದ್ದು 2012ರ ಫೆಬ್ರವರಿ 29ಕ್ಕೆ, ಇದು 2016ರ ಅದೇ ದಿನ. ಹುಟ್ಟುಹಬ್ಬ ಮಾಡಬೇಕೆಂದರೆ ನಾಲ್ಕು ವರ್ಷ ಕಾಯಬೇಕು!

ಕ್ಯಾಮೆರಾ ಚಾಲೂ ಆದ ಕೂಡಲೇ ಪೈ ರೀಬೂಟ್ ಆಗುತ್ತಿತ್ತು. ಎಲ್ಲರ ಗುಮಾನಿ ಮೆಮೊರಿ ಕಾರ್ಡಿನ ಮೇಲೆ. ನನ್ನ ಕಣ್ಣಿಗೆ ಬಿದ್ದದ್ದು ಪೈ ಮೇಲೆ ಆಗಾಗ ಆರುತ್ತಿದ್ದ ಕೆಂಪು ದೀಪ. ಒಳಬರುವ ವೋಲ್ಟೇಜ್ ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಅದು ಆರುತ್ತದೆ. ಪೈಗೆ ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' (vcgencmd get_throttled) ಎಂಬ ಕಮಾಂಡ್ ಕೊಟ್ಟೆ. 0ಎಕ್ಸ್50005 (0x50005) ಎಂಬ ಸಂಕೇತ ಬಂತು. ಅಂದರೆ ವೋಲ್ಟೇಜ್ ಈಗಲೂ ಕಮ್ಮಿ, ಪ್ರೊಸೆಸರ್ ವೇಗ ತಗ್ಗಿದೆ, ಹಿಂದೆಯೂ ಹೀಗಾಗಿದೆ.

ಚಾರ್ಜರ್ ಮೇಲೆ 2.4 ಆಂಪಿಯರ್ ಅಂತಲೇ ಬರೆದಿತ್ತು. ತಕರಾರು ಇದ್ದದ್ದು ಉದ್ದನೆಯ ತೆಳು ಕೇಬಲ್‌ನಲ್ಲಿ. ಸಿಪ್ಪೆ ಸುಲಿದು ನೋಡಿದರೆ ತಾಮ್ರದ ಎಳೆಗಳು ಕೂದಲಿನಷ್ಟು. ಕರೆಂಟು ಹೆಚ್ಚು ಎಳೆದಷ್ಟೂ ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತದೆ.

ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರಸ್ತೆಯಿಂದ 5.1 ವೋಲ್ಟ್, 2.5 ಆಂಪಿಯರಿನ, ವೈರು ಅಡಾಪ್ಟರಿಗೇ ಸೇರಿಕೊಂಡಿರುವ ಚಾರ್ಜರ್ ತಂದೆ. 'ಮೊಬೈಲ್ ಚಾರ್ಜರೇ ಸಾಕು ಸಾರ್' ಅಂದರು ಅಂಗಡಿಯವರು, ನಾನು ಕೇಳಲಿಲ್ಲ. ಹಾಕಿ ಮತ್ತೆ ಅದೇ ಕಮಾಂಡ್ ಕೊಟ್ಟೆ: 0ಎಕ್ಸ್0, ಅಂದರೆ ಯಾವ ತೊಂದರೆಯೂ ಇಲ್ಲ. ಕ್ಯಾಮೆರಾ ಓಡುತ್ತಿದೆ, ಮಕ್ಕಳೀಗ ಮಳೆಮಾಪಕ ಜೋಡಿಸುವ ತಯಾರಿಯಲ್ಲಿದ್ದಾರೆ.