500 ರೆಕಾರ್ಡ್ ಬರೆದೆ, 1000 ಓದಿತು

ಲಿನಕ್ಸ್‌ನಲ್ಲಿ ಬರೆದ ಪುಟ್ಟ ಸಿ ಪ್ರೋಗ್ರಾಂ. ಒಂದು ಸ್ಟ್ರಕ್ಟ್ (ಹಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿಡುವ ರಚನೆ), ಅದರೊಳಗೆ ಐಡಿಗೆ ಇಂಟ್, ಅಳತೆಗೆ ಲಾಂಗ್; ಎರಡೂ ಪೂರ್ಣಾಂಕ ಇಡುವ ಟೈಪ್‌ಗಳು. ಮೊದಲು ಎಲ್ಲವನ್ನೂ ಸೊನ್ನೆ ಮಾಡಿ, ಮೌಲ್ಯ ತುಂಬಿ, ಫೈಲಿಗೆ ಬರೆಯುವ ಎಫ್‌ರೈಟ್‌ ಫಂಕ್ಷನ್‌ನಿಂದ ಇಡೀ ಸ್ಟ್ರಕ್ಟನ್ನು ಹಾಗೇ ಫೈಲಿಗೆ ಸುರಿದಿದ್ದೆ. 500 ರೆಕಾರ್ಡ್. ಅದೇ ಕೋಡನ್ನು ವಿಂಡೋಸ್‌ನಲ್ಲಿ ಕಂಪೈಲ್ ಮಾಡಿ ಅದೇ ಫೈಲ್ ಓದಿಸಿದರೆ 1000 ಬಂತು!

ಸಾಲಿನ ಕೊನೆಯ ಬೈಟ್‌ಗಳನ್ನು ಬದಲಿಸಿಬಿಡುವ ಟೆಕ್ಸ್ಟ್ ಮೋಡ್‌ನಲ್ಲಿ ತೆರೆದಿದ್ದೀನೇನೋ ಅಂತ ಮೊದಲು ಅನುಮಾನ. ಇಲ್ಲ, ಬೈನರಿ ಮೋಡೇ ಇತ್ತು. ಆಮೇಲೆ ಗಮನಿಸಿದರೆ ತಪ್ಪಿಗೂ ಒಂದು ಲಯ ಇದೆ: ಮೊದಲ ಸಾಲಲ್ಲಿ ಐಡಿ ಸರಿ, ಅಳತೆ ಸೊನ್ನೆ. ಮುಂದಿನ ಸಾಲಲ್ಲಿ ನನ್ನ ಅಳತೆ ಹೋಗಿ ಐಡಿ ಜಾಗದಲ್ಲಿ ಕೂತಿದೆ. ಅಳತೆ ಮೈನಸ್ ಇದ್ದ ಕಡೆ ಅದರ ಪಕ್ಕದಲ್ಲೇ -1.

ಫೈಲಿನ ಒಂದೊಂದು ಬೈಟನ್ನೂ 16ರ ಆಧಾರದ ಅಂಕಿಯಲ್ಲಿ ತೋರಿಸುವ ಹೆಕ್ಸ್ ಡಂಪ್ ತೆಗೆದು ನೋಡಿದೆ. ಐಡಿ 1, ಅಳತೆ 1000 ಇದ್ದ ರೆಕಾರ್ಡ್ ಹೀಗಿತ್ತು: 01 00 00 00, ಆಮೇಲೆ ನಾಲ್ಕು ಸೊನ್ನೆ ಬೈಟ್, ಆಮೇಲೆ ಇ8 03, ಮತ್ತೆ ಆರು ಸೊನ್ನೆ ಬೈಟ್. 1000 ಅಂದರೆ ಹೆಕ್ಸ್‌ನಲ್ಲಿ 03ಇ8, ಆದರೆ ಈ ಪ್ರೊಸೆಸರ್ ಸಣ್ಣ ಬೈಟನ್ನೇ ಮೊದಲು ಇಡುತ್ತೆ, ಅದಕ್ಕೇ ತಿರುಗುಮುರುಗು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್. ಅದು 8ರ ಗಡಿಯಲ್ಲೇ ಶುರುವಾಗಬೇಕು ಅಂತ ಕಂಪೈಲರ್ ನಡುವೆ 4 ಬೈಟ್ ಖಾಲಿ ಬಿಟ್ಟಿದೆ, ಒಟ್ಟು 16. ವಿಂಡೋಸ್‌ನಲ್ಲಿ, 64 ಬಿಟ್ ಆದರೂ, ಲಾಂಗ್ 4 ಬೈಟೇ. ಅಲ್ಲಿ ಸ್ಟ್ರಕ್ಟ್ 8 ಬೈಟ್. ಒಂದು ರೆಕಾರ್ಡ್ ಎರಡಾಯ್ತು, ಅಷ್ಟೇ. ಮೈನಸ್ ಸಂಖ್ಯೆಯ ಮೇಲಿನ 4 ಬೈಟ್ ಪೂರ್ತಿ ಎಫ್‌ಎಫ್ ಆಗಿರುತ್ತೆ, ಅದನ್ನೇ ಬೇರೆಯಾಗಿ ಓದಿದರೆ -1 ಅಲ್ವಾ.

ಇದರಲ್ಲಿ ಯಾವ ಕಂಪೈಲರ್‌ದೂ ತಪ್ಪಿಲ್ಲ. ಇಂಟ್ ಕನಿಷ್ಠ 16 ಬಿಟ್, ಲಾಂಗ್ ಕನಿಷ್ಠ 32 ಬಿಟ್ ಇರಬೇಕು ಅಂತಷ್ಟೇ ಸಿ ಸ್ಟ್ಯಾಂಡರ್ಡ್ ಹೇಳೋದು. ಲಾಂಗ್ ಅಂದ್ರೆ ದೊಡ್ಡದು ಅಂತ ಸುಮ್ನೆ ನಂಬಿಕೊಂಡಿದ್ದು ನಾನು. ಗಾತ್ರ ಎಷ್ಟು ಬೈಟ್ ಅಂತ ಹೇಳುವ ಸೈಜ್‌ಆಫ್ ಹಾಕಿ ಒಂದು ಸಲ ಪ್ರಿಂಟ್ ಮಾಡಿದ್ದರೆ ಅರ್ಧ ದಿನ ಉಳೀತಿತ್ತು.

ಈಗ ಐಡಿಗೆ ಇಂಟ್32_ಟಿ, ಅಳತೆಗೆ ಇಂಟ್64_ಟಿ, ಅಂದರೆ ಸರಿಯಾಗಿ 32 ಮತ್ತು 64 ಬಿಟ್‌ನ ಟೈಪ್‌ಗಳು. ಸಿ99ರಿಂದಲೇ ಸ್ಟ್ಯಾಂಡರ್ಡ್‌ನಲ್ಲಿವೆ ಇವು. ಆದರೆ ಟೈಪ್ ಬದಲಿಸಿದ ಮಾತ್ರಕ್ಕೆ ನಡುವಿನ ಖಾಲಿ ಜಾಗ ಹೋಗಲ್ಲ. 32 ಬಿಟ್ ಇಂಟೆಲ್ (ಎಕ್ಸ್86) ಲಿನಕ್ಸ್‌ನಲ್ಲಿ ಇದೇ ಸ್ಟ್ರಕ್ಟ್ 12 ಬೈಟ್ ಆಗುತ್ತೆ. ಹಾಗಾಗಿ ಸ್ಟ್ರಕ್ಟನ್ನು ಇಡಿಯಾಗಿ ಬರೆಯೋದೇ ಬಿಟ್ಟೆ. ಒಂದೊಂದು ಸಂಖ್ಯೆಯನ್ನೂ ಶಿಫ್ಟ್ ಮಾಡಿ (ಬಿಟ್‌ಗಳನ್ನು ಸರಿಸಿ ಬೈಟ್ ಬೈಟಾಗಿ ಬಿಡಿಸಿ), ಸಣ್ಣ ಬೈಟ್ ಮೊದಲು ಬರುವ ಹಾಗೆ ನಾನೇ ಬರೆಸುತ್ತೇನೆ. 8000 ಬೈಟಿನ ಫೈಲ್ 6000ಕ್ಕೆ ಇಳಿಯಿತು. ಹಳೆಯ ಫೈಲಿಗೆ ಮಾತ್ರ, ನಡುವಿನ 4 ಬೈಟ್ ಹಾರಿಸಿ ಓದುವ ಫಂಕ್ಷನ್ ಒಂದನ್ನು ಬೇರೆ ಇಟ್ಟುಕೊಂಡಿದ್ದೇನೆ.